ತಟ್ಟೆಯಷ್ಟು ಕುಂಡದಲ್ಲಿ ಗೋಳಿ ಮರ

ಅಕ್ಕಂದಿರೇ, ನಿಮ್ಮ ಬಾವಿಕಟ್ಟೆ ನೋಡಿ. ಪಾಗಾರದ ಬಿರುಕು ನೋಡಿ. ಅಲ್ಲಿ ಗೋಳಿ ಸಸಿ ಇದೆಯೇ? ಹಕ್ಕಿ ಗೋಳಿ ಹಣ್ಣು ತಿನ್ನುತ್ತದೆ. ಹಿಕ್ಕೆಯ ಜೊತೆ ಬೀಜ ಬೀಳುತ್ತದೆ. ಬಿರುಕಿನಲ್ಲೇ ಮೊಳೆಯುತ್ತದೆ. ಹಾಗೇ ಬಿಟ್ಟರೆ ಅದರ ಬೇರು ಕಟ್ಟೆಯನ್ನೇ ಸೀಳುತ್ತದೆ. ಅದಕ್ಕೆ ನಾವು ಕಿತ್ತು ಬಿಸಾಡುತ್ತೇವೆ.

ಬಿಸಾಡಬೇಡಿ. ಬೇರು ಹರಿಯದ ಹಾಗೆ ಮೆಲ್ಲಗೆ ತೆಗೆಯಿರಿ. ಅದನ್ನು ಕುಂಡದಲ್ಲಿ ಪುಟ್ಟ ಮರ ಮಾಡಬಹುದು. ಇದಕ್ಕೆ ಬೋನ್ಸಾಯ್ ಅನ್ನುತ್ತಾರೆ. ಇದು ಜಪಾನಿ ಮಾತು. ಬೋನ್ ಅಂದರೆ ತಗ್ಗಿನ ಕುಂಡ. ಸಾಯ್ ಅಂದರೆ ನೆಡುವುದು. ನಮ್ಮ ‘ಸಾಯುವುದು’ ಅಲ್ಲ! ಬೆಂಗಳೂರಿನ ಲಾಲ್‌ಬಾಗಿನಲ್ಲಿ ಇಂಥ ಮರಗಳ ತೋಟವೇ ಇದೆ.

ಸಸಿಗಾಗಿ ಕಾಡಿಗೆ ಹೋಗಬೇಡಿ. ಕೊಲ್ಲೂರಿನ ಸುತ್ತ ಇರುವುದು ಮೂಕಾಂಬಿಕಾ ಅಭಯಾರಣ್ಯ. ಅಪ್ಪಣೆ ಇಲ್ಲದೆ ಅಲ್ಲಿಂದ ಗಿಡ ಕಿತ್ತು ತರುವುದು 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಪಾಗಾರದ ಸಸಿಯೇ ಸಾಕು.

ಕುಂಡದ ತಳದಲ್ಲಿ ತೂತು ಇರಲೇಬೇಕು. ತೂತಿನ ಮೇಲೆ ಒಡೆದ ಹಂಚಿನ ಚೂರು ಇಡಿ. ಕೆಂಪು ಮಣ್ಣು, ಹೊಯ್ಗೆ, ಹಳೆಯ ಹಟ್ಟಿಗೊಬ್ಬರ ಬೆರೆಸಿ ತುಂಬಿ. ಬರೀ ಜೇಡಿಮಣ್ಣು ಬೇಡ. ಮಳೆ ಹಿಡಿಯುವ ಜೂನ್ ತಿಂಗಳು ನೆಡಲು ಒಳ್ಳೆಯದು. ಎರಡು ವಾರ ನೆರಳಲ್ಲಿಡಿ. ಆಮೇಲೆ ಬಿಸಿಲಿಗೆ ತನ್ನಿ. ಚೆಂದ ಕಾಣುತ್ತದೆ ಎಂದು ಮನೆಯ ಒಳಗೆ ಇಟ್ಟರೆ ಎಲೆ ಉದುರುತ್ತದೆ. ಇದು ಅಂಗಳದ ಗಿಡ.

ಈಗ ನೀರಿನ ಮಾತು. ಹೊಸಬರ ಗಿಡ ಸಾಯುವುದು ಇಲ್ಲೇ. ನೆಲದ ಮರ ನೀರು ಹುಡುಕಿ ಬೇರು ಇಳಿಸುತ್ತದೆ. ಕುಂಡದ ಮರ ಎಲ್ಲಿ ಹೋದೀತು? ಅದಕ್ಕೆ ನೀವೇ ಗತಿ. ದಿನಾ ಬೆರಳಿನ ಒಂದು ಗೆಣ್ಣು ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು ಹಾಕಿ. ತಳದ ತೂತಿನಿಂದ ಹೊರಗೆ ಬರುವಷ್ಟು ಹಾಕಿ. ಹಸಿ ಇದ್ದರೆ ಬೇಡ. ಏಪ್ರಿಲ್ ತಿಂಗಳ ಬಿಸಿಲಿಗೆ ಎರಡು ಹೊತ್ತು ಬೇಕಾದೀತು. ಮದುವೆಗೆಂದು ಊರಿಗೆ ಹೋಗುವಾಗ ನೆರೆಮನೆಯವರಿಗೆ ಹೇಳಿ ಹೋಗಿ.

ಆಸಾಡಿ ಮಳೆಯಲ್ಲಿ ಬೇರೆ ಕಷ್ಟ. ನೀರು ನಿಂತರೆ ಬೇರು ಕೊಳೆಯುತ್ತದೆ. ಎರಡು ಇಟ್ಟಿಗೆಯ ಮೇಲೆ ಕುಂಡ ಇಡಿ. ತೂತು ಕಟ್ಟಿದೆಯೇ ನೋಡಿ. ಮಾಡಿನ ನೀರು ಬೀಳುವ ಕಡೆ ಮಾತ್ರ ಇಡಬೇಡಿ, ಮಣ್ಣೆಲ್ಲ ತೊಳೆದು ಹೋಗುತ್ತದೆ.

ಚಿಗುರಿನಲ್ಲಿ ಆರೇಳು ಎಲೆ ಬಂದರೆ ಎರಡು ಎಲೆ ಬಿಟ್ಟು ಕತ್ತರಿಸಿ. ಬಿಳಿ ಹಾಲು ಬರುತ್ತದೆ. ಕೆಲವರಿಗೆ ತುರಿಕೆ ಆಗುತ್ತದೆ, ಕಣ್ಣಿಗೆ ತಾಗಬಾರದು. ಕೈ ತೊಳೆಯಿರಿ. ತಂತಿ ಸುತ್ತುವ ಕೆಲಸ ಮೊದಲ ವರ್ಷ ಬೇಡವೇ ಬೇಡ.

“ಮಾರಿದರೆ ಸಾವಿರಾರು ರೂಪಾಯಿ ಸಿಗುತ್ತದಂತೆ, ಹೌದಾ ಟೀಚರ್?” ಎಂದು ಕೇಳುವವರಿದ್ದಾರೆ. ಸಸಿ ಮರದ ಹಾಗೆ ಕಾಣಲು ಐದಾರು ವರ್ಷವಾದರೂ ಬೇಕು. ಸಾಲ ಮಾಡಿ ಕುಂಡ ತರಬೇಡಿ. ಹಳೆಯ ಬೋಗುಣಿಗೆ ತೂತು ಮಾಡಿದರೂ ಆಗುತ್ತದೆ.

ಎರಡು ವರ್ಷಕ್ಕೊಮ್ಮೆ, ಮಳೆ ಶುರುವಾದಾಗ ಗಿಡವನ್ನು ಮೇಲೆತ್ತಿ. ಬೇರಿನಲ್ಲಿ ಮೂರರಲ್ಲಿ ಒಂದು ಪಾಲು ಕತ್ತರಿಸಿ. ಹೊಸ ಮಣ್ಣು ಹಾಕಿ ಮತ್ತೆ ನೆಡಿ. ಎರಡು ವರ್ಷದ ಹಿಂದಿನ ದಿನ ಯಾರಿಗೆ ನೆನಪಿರುತ್ತದೆ? ನೆಟ್ಟ ತಿಂಗಳು, ವರ್ಷ ಎರಡನ್ನೂ ನಿಮ್ಮ ನೋಟುಬುಕ್ಕಿನಲ್ಲಿ ನೀವೇ ಬರೆದಿಡಿ.