ನೂರನೇ ಓಟಕ್ಕೆ ಹೊರಟವರಿಗೆ

ನೂರನೇ ಓಟಕ್ಕೆ ಟೀ ಶರ್ಟ್ ಹೊಲಿಸುತ್ತಿದ್ದೀರಂತೆ. ಹೊಲಿಸ್ರಪ್ಪಾ, ಬೇಡ ಅನ್ನುವವನು ನಾನಲ್ಲ. ಗುಂಪಿನಲ್ಲಿ ಅರ್ಧ ಜನ ರಾಯದುರ್ಗದವರಾದ ಮೇಲೆ ಹೊಲಿಗೆಗೆ ಬೇರೆ ಊರಿಗೆ ಹೋಗಬೇಕೆ? ಜೀನ್ಸ್ ಹೊಲಿಯುವ ಮಿಷನ್ನಿನ ಸದ್ದು ಕೇಳದ ಓಣಿಯನ್ನು ಅಲ್ಲಿ ಹುಡುಕಿಕೊಂಡು ಹೋಗಬೇಕು. ಆದರೆ ಆ ಶರ್ಟನ್ನು ಓಟದ ದಿನವೇ ಮೊದಲ ಸಲ ಮೈಗೆ ಹಾಕಬೇಡಿ. ಒಂದೆರಡು ಸಲ ಒಗೆದು, ಹಿಂದಿನ ಭಾನುವಾರವೇ ಹಾಕಿಕೊಂಡು ಓಡಿ ನೋಡಿ. ಹೊಸ ಬಟ್ಟೆಯ ಹೊಲಿಗೆ ಕಂಕುಳಲ್ಲಿ, ತೊಡೆಸಂದಿಯಲ್ಲಿ ಉಜ್ಜಿ ಉಜ್ಜಿ ಏಳೆಂಟು ಕಿಲೋಮೀಟರಿಗೆ ಚರ್ಮ ಕಿತ್ತು ಬರುತ್ತದೆ. ಸಂಭ್ರಮ ಅಲ್ಲಿಗೆ ಮುಗಿಯಿತು. ಉಜ್ಜುವ ಕಡೆ ವ್ಯಾಸಲೀನ್ ಹಚ್ಚಿ, ಇಲ್ಲದಿದ್ದರೆ ಕೊಬ್ಬರಿ ಎಣ್ಣೆ. ಶೂ ಕಥೆಯೂ ಇದೇ. ಡ್ರಿಲ್ ಮೇಷ್ಟ್ರಾಗಿ ನಾನು ನೋಡಿದ ಕಾಲಿನ ಬೊಬ್ಬೆಗಳಲ್ಲಿ ಮುಕ್ಕಾಲು ಪಾಲು ಹೊಸ ಶೂ ಎಬ್ಬಿಸಿದವು.

ಶರ್ಟಿನ ಬೆನ್ನಿಗೆ ದಪ್ಪಗೆ ನೂರು ಅಂತ ಬರೆಸಿ. ಒಬ್ಬೊಬ್ಬರ ಹೆಸರಿನ ಕೆಳಗೆ ಅವರವರು ಓಡಿದ ಲೆಕ್ಕ ಬರೆಸುವ ಆಲೋಚನೆ ಯಾರಿಗೆ ಬಂತೋ, ಅದನ್ನು ಮಾತ್ರ ಕೈಬಿಡಿ. ನೂರು ಅನ್ನುವುದು ನಿಮ್ಮ ಗುಂಪಿನ ಭಾನುವಾರಗಳ ಲೆಕ್ಕ. ಒಂದನ್ನೂ ತಪ್ಪಿಸದೆ ಬಂದವರಿದ್ದರೆ ಅವರಿಗೆ ಭಾನುವಾರ ಬಿಡುವಿತ್ತು ಅಂತಲೂ ಅರ್ಥ. ಪೀಸ್ ಲೆಕ್ಕದಲ್ಲಿ ಹೊಲಿಯುವ ಹುಡುಗಿಗೆ ಹಬ್ಬದ ಆರ್ಡರ್ ಬಂದರೆ ಭಾನುವಾರವೂ ಇಲ್ಲ. ಪೆನುಕೊಂಡದ ಹತ್ತಿರ ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಾರು ತಯಾರಾಗುತ್ತಿದೆ, ನಮ್ಮ ಕಡೆಯ ಹುಡುಗರು ಅಲ್ಲೂ ಅದರ ಸುತ್ತಲಿನ ಕಾರ್ಖಾನೆಗಳಲ್ಲೂ ಶಿಫ್ಟ್ ಮಾಡುತ್ತಾರೆ. ರಾತ್ರಿಯೆಲ್ಲ ನಿಂತು ಬಂದವನು ಬೆಳಿಗ್ಗೆ ನಿಮ್ಮ ಜೊತೆ ಎರಡು ಕಿಲೋಮೀಟರ್ ನಡೆದರೆ ಅದನ್ನು ಯಾವ ಲೆಕ್ಕಕ್ಕೆ ಹಾಕುತ್ತೀರಿ?

ಇನ್ನೊಬ್ಬನಿದ್ದಾನೆ, ಹೆಸರು ಹೇಳುವುದಿಲ್ಲ, ನಿಮಗೇ ಗೊತ್ತು. ಮೊದಮೊದಲು ಎಲ್ಲರಿಗಿಂತ ಮುಂಚೆ ಬರುತ್ತಿದ್ದವನು. ಏನೋ ಮಾತು ಬಂತು, ನಿಂತುಹೋದ. ಅವನನ್ನು ಕರೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಎಲ್ಲರಿಗೂ ಕಳಿಸಿದ್ದನ್ನೇ ಅವನಿಗೂ ಕಳಿಸಿ ಕೈತೊಳೆದುಕೊಳ್ಳಬೇಡಿ, ಇಬ್ಬರು ಮನೆಗೆ ಹೋಗಿ ಕರೆಯಿರಿ. ಬರುತ್ತಾನೋ ಬಿಡುತ್ತಾನೋ ಅದು ಅವನಿಗೆ ಬಿಟ್ಟದ್ದು.

ಮಡಕಶಿರಾದವರೂ ರಾಯದುರ್ಗದವರೂ ಒಂದೇ ಗುಂಪಾಗಿದ್ದೀರಲ್ಲ, ನನಗೆ ಎಲ್ಲಕ್ಕಿಂತ ಸೋಜಿಗ ಅದೇ. ಎರಡೂ ಊರಿನ ನಡುವೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ರಾಯದುರ್ಗ ಹಿಂದೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದೋನಿ, ಆಲೂರಿನ ಜೊತೆಗೆ ಆಂಧ್ರದ ಕಡೆ ಸೇರಿತು, ಬಳ್ಳಾರಿ ಕನ್ನಡದ ಕಡೆ ಉಳಿಯಿತು. ನಮ್ಮ ಮಡಕಶಿರಾ ಆಗಲೇ ಅನಂತಪುರಕ್ಕೆ ಸೇರಿತ್ತು. ಮೂರು ದಿಕ್ಕಿಗೆ ನೋಡಿದರೆ ಕರ್ನಾಟಕವೇ, ಪಾವಗಡ, ಶಿರಾ, ಮಧುಗಿರಿ ಎಲ್ಲ ಬಗಲಲ್ಲೇ. 2022ರಲ್ಲಿ ಜಿಲ್ಲೆ ಒಡೆದು ನಾವು ಶ್ರೀ ಸತ್ಯಸಾಯಿ ಜಿಲ್ಲೆಯವರಾದೆವು, ರಾಯದುರ್ಗದವರು ಅನಂತಪುರದಲ್ಲೇ ಉಳಿದರು. ರಾಯದುರ್ಗದಿಂದ ಮಡಕಶಿರಾ ಮೇಲೆ ತುಮಕೂರಿಗೆ ಹೋಗಬೇಕಾದ ರೈಲು ಮಂಜೂರಾಗಿದ್ದು 2007–08ರಲ್ಲಿ; ನೀವು ಅದರಲ್ಲಿ ಕೂತು ಒಬ್ಬರ ಊರಿಗೊಬ್ಬರು ಓಡಲು ಹೋಗುವುದನ್ನು ನೋಡಬೇಕು ಅಂತ ನಾನಿನ್ನೂ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಬಸ್ಸೇ ಗತಿ. ಆದ್ದರಿಂದ ಹೊರಗಿನಿಂದ ಬರುವವರನ್ನು ಹಿಂದಿನ ರಾತ್ರಿಯೇ ಕರೆಸಿಕೊಂಡು ಮನೆಮನೆಗೆ ಹಂಚಿ ಮಲಗಿಸಿ. ನಸುಕಿನ ಬಸ್ಸಿಗೆ ನಿದ್ದೆಗೆಟ್ಟು ಬಂದವರ ಕೈಲಿ ಹತ್ತು ಕಿಲೋಮೀಟರ್ ಓಡಿಸುವುದು ಸ್ನೇಹವಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆವತ್ತು ಯಾರೂ ಗಡಿಯಾರ ನೋಡಿಕೊಂಡು ಓಡಬೇಡಿ.

ಬೆಂಗಳೂರಿನ ಹತ್ತು ಕಿಲೋಮೀಟರ್ ಓಟವನ್ನು ನಿಮ್ಮಲ್ಲಿ ಕೆಲವರು ನೋಡಿದ್ದೀರಿ. 2008ರಲ್ಲಿ ಶುರುವಾದ ಆ ಓಟದಲ್ಲಿ ಗಂಡಸರ ದಾಖಲೆ 27 ನಿಮಿಷ 38 ಸೆಕೆಂಡು, ಕೆನ್ಯಾದ ನಿಕೋಲಸ್ ಕಿಮೇಲಿ 2022ರಲ್ಲಿ ಓಡಿದ್ದು. ಅದೇ ದಿನ, ಅದೇ ಊರಲ್ಲಿ ಮಜ್ಜಾ ರನ್ ಅಂತ ಇನ್ನೊಂದು ಓಟವೂ ಇರುತ್ತದೆ. ಅದಕ್ಕೆ ವೇಷ ಹಾಕಿಕೊಂಡು ಬರುತ್ತಾರೆ, ಆಫೀಸಿನವರೆಲ್ಲ ಗುಂಪು ಕಟ್ಟಿಕೊಂಡು ಬರುತ್ತಾರೆ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರಿರುತ್ತಾರೆ, ಅರ್ಧಕ್ಕರ್ಧ ಜನ ನಡೆಯುತ್ತಾರೆ. ಎರಡರಲ್ಲಿ ಯಾವುದು ಮೇಲು ಅಂತ ನಾನು ಹೇಳುವುದಿಲ್ಲ, ಓಟಗಾರರನ್ನು ತಯಾರು ಮಾಡಲು ನೋಡಿದವನು ನಾನು, ಮೊದಲನೆಯದಕ್ಕೆ ಈಗಲೂ ಮೈ ಜುಂ ಅನ್ನುತ್ತದೆ. ಆದರೆ ಒಂದನ್ನು ಓಡುತ್ತ ಇನ್ನೊಂದನ್ನು ಓಡುತ್ತಿದ್ದೇನೆ ಅಂದುಕೊಂಡವನಿಗೆ ಎರಡೂ ಕೈತಪ್ಪುತ್ತವೆ. ನಿಮ್ಮ ತೊಂಬತ್ತೊಂಬತ್ತರಲ್ಲಿ ಬೇಕಾದಷ್ಟು ಪಂದ್ಯ ಕಟ್ಟಿದ್ದೀರಿ, ನೂರಾ ಒಂದರಲ್ಲಿ ಮತ್ತೆ ಕಟ್ಟಿ. ನೂರನೆಯದು ಮಜಕ್ಕೆ ಇರಲಿ.

ಇದಕ್ಕೊಂದು ಉಪಾಯ ಉಂಟು. ಎಲ್ಲರಿಗಿಂತ ನಿಧಾನ ಓಡುವವರನ್ನು ಮುಂದೆ ಬಿಡಿ, ಅವರನ್ನು ದಾಟಿ ಯಾರೂ ಹೋಗಕೂಡದು ಅಂತ ಮಾತಾಗಲಿ. ಓಡುತ್ತ ಓಡುತ್ತ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಇರಬೇಕು. ಎರಡೆರಡು ಪದಕ್ಕೆ ತಡವರಿಸಿದರೆ ವೇಗ ಜಾಸ್ತಿಯಾಯಿತು ಅಂತ ತಿಳಿಯಿರಿ. ಇದು ಡಾಕ್ಟರುಗಳೂ ಒಪ್ಪುವ ಅಳತೆ. ನಿಮ್ಮಲ್ಲಿ ಕೆಲವರು ತೆಲುಗಲ್ಲಿ ಕೀಟಲೆ ಮಾಡುತ್ತೀರಿ, ಕೆಲವರು ಕನ್ನಡದಲ್ಲಿ ತಿರುಗಿಸಿ ಕೊಡುತ್ತೀರಿ, ಅದು ನಿಂತು ಬರೀ ಏದುಸಿರು ಕೇಳಿಸಿದರೆ ಮುಂದಿರುವವರು ನಿಧಾನಿಸಿ. ಬಿರುಸಿನ ಹುಡುಗರಿಗೆ ಇದು ಕಷ್ಟ. ಅವರಿಗೆ ಬೇಕಿದ್ದರೆ ಕೊನೆಯ ಇನ್ನೂರು ಮೀಟರ್ ಬಿಟ್ಟುಕೊಡಿ, ಹಾರಿಕೊಳ್ಳಲಿ.

ಹುಡುಗಿಯರ ಬಗ್ಗೆ ಹುಡುಗರಿಗೊಂದು ಮಾತು. ಐದು ಗಂಟೆ ಅಂದರೆ ಐದು ಅಂತ ವಾಚು ತೋರಿಸಬೇಡಿ. ನೀವು ಮಂಚದಿಂದ ಎದ್ದು ನೇರ ಮೈದಾನಕ್ಕೆ ಬರುತ್ತೀರಿ. ಅವರು ನೀರು ಹಿಡಿದು, ಬಾಗಿಲಿಗೆ ನೀರು ಹಾಕಿ, ಮುಸುರೆ ತಿಕ್ಕಿ, ಮನೆಯಲ್ಲಿ ಯಾರಿಗೋ ಒಬ್ಬರಿಗೆ ಸಮಾಧಾನ ಹೇಳಿ ಬರಬೇಕು. ಅರ್ಧ ಗಂಟೆ ತಡವಾಗಿ ಶುರು ಮಾಡಿದರೆ ಸೂರ್ಯನೇನೂ ಕೋಪಿಸಿಕೊಳ್ಳುವುದಿಲ್ಲ. ಅವರ ಅಪ್ಪ ಅಮ್ಮಂದಿರನ್ನೂ ಆವತ್ತು ಕರೆಯಿರಿ. ಮಗಳು ಯಾರ ಜೊತೆ, ಎಲ್ಲಿ ಓಡುತ್ತಾಳೆ ಅಂತ ಕಣ್ಣಾರೆ ನೋಡಿದ ಮೇಲೆ ಮುಂದಿನ ಭಾನುವಾರದ ತಕರಾರು ಎಷ್ಟೋ ಕಡಿಮೆಯಾಗುತ್ತದೆ.

ದಸರೆ ಕಳೆದು ಸಂಕ್ರಾಂತಿಯೊಳಗೆ ದಿನ ಹಿಡಿದಿರುವುದು ಒಳ್ಳೆಯದಾಯಿತು. ಬೇಸಿಗೆಯಲ್ಲಿ ನಮ್ಮ ಸೀಮೆಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಆಗ ಇಂಥ ಆಟ ಬೇಡ. ರಾಯದುರ್ಗದ ಕಡೆ ಓಡುವುದಾದರೆ ಗಾಳಿಯನ್ನು ಕೇಳಿಕೊಂಡು ದಾರಿ ಹಿಡಿಯಿರಿ. ಕಣೇಕಲ್ಲಿನ ಆಚೆ ದರ್ಗಾ ಹೊನ್ನೂರಿನಲ್ಲಿ ಹಗರಿ ಹೊಳೆಯ ಮರಳನ್ನು ಗಾಳಿ ಎಬ್ಬಿಸಿ ಎಬ್ಬಿಸಿ ಹೊಲಗಳ ಮೇಲೆ ದಿಬ್ಬ ಕಟ್ಟಿರುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ ಸಿಗುವಂತೆ ದಾರಿ ಮಾಡಿಕೊಳ್ಳಿ. ಎದುರುಗಾಳಿಯಲ್ಲಿ ಗಟ್ಟಿಮುಟ್ಟಾದವರು ಸರದಿಯಂತೆ ಮುಂದೆ ನಿಂತರೆ ಹಿಂದಿನವರಿಗೆ ಸ್ವಲ್ಪ ಶ್ರಮ ಉಳಿಯುತ್ತದೆ. ಆವಾಗ ಮಾತ್ರ ನಿಧಾನದವರನ್ನು ಮುಂದೆ ಬಿಡುವ ನೇಮ ಸಡಿಲಿಸಿ, ವೇಗ ಮಾತ್ರ ಅವರದೇ ಇರಲಿ. ಮೊಳಕಾಲ್ಮೂರು ರಸ್ತೆಯಲ್ಲಿ ಗಡಿ ದಾಟಿ ಕರ್ನಾಟಕದಲ್ಲೊಂದು ಫೋಟೊ ಹೊಡೆಸಿಕೊಂಡು ಬರುವ ಆಸೆಯೂ ನಿಮಗಿದೆ ಅಂತ ಕೇಳಿದೆ. ಆಸೆ ಚೆನ್ನಾಗಿದೆ, ಲಾರಿ ರಸ್ತೆ ಚೆನ್ನಾಗಿಲ್ಲ. ಮಡಕಶಿರಾ ಕಡೆಗಾದರೆ ಅಮರಾಪುರದಿಂದ ಹೇಮಾವತಿಗೆ ಓಡಿ ಅಂತ ನನ್ನ ಆಯ್ಕೆ. ಅಡಿಕೆ, ತೆಂಗಿನ ತೋಟ ಇರುವ ಸೀಮೆ. ತಲುಪುವ ಜಾಗ ಹಿಂದೆ ಹೆಂಜೇರು ಅನ್ನಿಸಿಕೊಂಡಿದ್ದ ನೊಳಂಬರ ರಾಜಧಾನಿ. ದೊಡ್ಡೇಶ್ವರನ ಗುಡಿ ನೋಡಿಕೊಂಡು ಬನ್ನಿ, ಅದರ ಕಲ್ಲಿನ ಜಾಲಂಧ್ರದ ಕೆತ್ತನೆಗೆ ಹತ್ತು ನಿಮಿಷ ಕೊಡಿ. ಓಟದ ನೆಪದಲ್ಲಾದರೂ ನಿಮ್ಮದೇ ತಾಲ್ಲೂಕು ನೋಡಿದಂತಾಗುತ್ತದೆ.

ಯಾವ ರಸ್ತೆಯೇ ಇರಲಿ, ಬಲಗಡೆಯಲ್ಲಿ, ಎದುರು ಬರುವ ಗಾಡಿ ಕಣ್ಣಿಗೆ ಕಾಣುವಂತೆ ಓಡಿ. ಮಬ್ಬು ಇರುವಾಗ ಮುಂದಿನವನ ಕೈಲೂ ಹಿಂದಿನವನ ಕೈಲೂ ಟಾರ್ಚ್ ಇರಲಿ, ಕಿವಿಯಲ್ಲಿ ಯಾರಿಗೂ ಹಾಡು ಬೇಡ. ನಾಯಿ ಬಂದರೆ ಓಟ ನಿಲ್ಲಿಸಿ ನಡೆಯಿರಿ, ನಡೆಯುವವನನ್ನು ಅದು ಅಷ್ಟಾಗಿ ಅಟ್ಟಿಸಿಕೊಂಡು ಬರುವುದಿಲ್ಲ. ಪೊಲೀಸ್ ಠಾಣೆಗೆ ಒಂದು ಅರ್ಜಿ ಕೊಟ್ಟಿರಿ.

ರಸ್ತೆ ಅಂದಾಗ ಫೌಜಾ ಸಿಂಗ್ ನೆನಪಾಗುತ್ತಾರೆ. ಎಂಬತ್ತೊಂಬತ್ತನೇ ವಯಸ್ಸಿಗೆ ಮೊದಲ ಮ್ಯಾರಥಾನ್ ಓಡಿದ ಪಂಜಾಬಿ ಅಜ್ಜ. 2011ರ ಅಕ್ಟೋಬರಿನಲ್ಲಿ ಟೊರಾಂಟೊದಲ್ಲಿ ನೂರು ವಯಸ್ಸಿನವರಾಗಿ 42 ಕಿಲೋಮೀಟರನ್ನು ಎಂಟು ಗಂಟೆ ಚಿಲ್ಲರೆ ನಿಮಿಷಗಳಲ್ಲಿ ಮುಗಿಸಿದರು. ಹುಟ್ಟಿದ ದಿನದ ಸರ್ಟಿಫಿಕೇಟ್ ಇಲ್ಲ ಅಂತ ಗಿನ್ನೆಸ್‌ನವರು ದಾಖಲೆ ಬರೆದುಕೊಳ್ಳಲಿಲ್ಲ. 1911ರಲ್ಲಿ ಹಳ್ಳಿಯಲ್ಲಿ ಹುಟ್ಟಿದವರಿಗೆ ಸರ್ಟಿಫಿಕೇಟ್ ಕೊಡುವವರು ಯಾರಿದ್ದರು? 2025ರ ಜುಲೈನಲ್ಲಿ ತಮ್ಮ ಊರ ಹತ್ತಿರವೇ ರಸ್ತೆಯಲ್ಲಿ ಗಾಡಿ ಬಡಿದು ತೀರಿಕೊಂಡರು. ಟೊರಾಂಟೊದಲ್ಲಿ ಅವರು ಕೊನೆಯ ಕೆಲವು ನೂರು ಗಜ ಇರುವಾಗಲೇ ಕೆಲಸದವರು ತಡೆಬೇಲಿ ಬಿಚ್ಚಲು ಶುರು ಮಾಡಿದ್ದರಂತೆ. ಅವರ ಹಿಂದೆ ಇನ್ನೂ ಐದು ಜನ ಬರುವವರಿದ್ದರು, ಅದನ್ನು ನೀವು ಗಮನಿಸಬೇಕು. ಆವತ್ತು ನಿಮ್ಮ ಬ್ಯಾನರು, ಮೈಕು, ತಿಂಡಿ ಏನೇ ಇರಲಿ, ನಡೆದುಕೊಂಡು ಹಿಂದೆ ಉಳಿದ ಕಟ್ಟಕಡೆಯವರು ಬರುವವರೆಗೆ ಒಂದು ಗೂಟವನ್ನೂ ಕೀಳಬೇಡಿ. ಮುಂಚೆ ಮುಗಿಸಿದವರು ನೆರಳಿಗೆ ಹೋಗಿ ಮೊಬೈಲ್ ತೆಗೆಯದೆ, ತಿರುಗಿ ಅರ್ಧ ಕಿಲೋಮೀಟರ್ ಹೋಗಿ ಅವರನ್ನು ಕರೆದುಕೊಂಡು ಬನ್ನಿ.

ಆವತ್ತು ದೊಡ್ಡವರನ್ನು ಕರೆಸುವ ಮಾತೂ ಇದೆಯಂತೆ. ಕರೆಸಿ, ಆದರೆ ಓಟ ಮುಗಿದ ಮೇಲೆ. ನಮ್ಮ ಊರುಗಳ 2ಕೆ ರನ್ ಎಷ್ಟು ನೋಡಿದ್ದೇವೆ. ಅಕ್ಟೋಬರ್ 31ಕ್ಕೆ ಪಟೇಲರ ಜಯಂತಿಯ ಏಕತಾ ಓಟ, ಜನವರಿ 25ಕ್ಕೆ ಮತದಾರರ ದಿನದ್ದು, ಇನ್ನೂ ಎಷ್ಟೋ. ಶಾಲೆ ಮಕ್ಕಳು ಖಾಲಿ ಹೊಟ್ಟೆಯಲ್ಲಿ ಸಾಲಾಗಿ ನಿಂತೇ ಇರುತ್ತಾರೆ, ಬಾವುಟ ತೋರಿಸುವವರು ಬಿಸಿಲೇರಿದ ಮೇಲೆ ಬರುತ್ತಾರೆ, ಮುಂದಿನ ಸಾಲು ಫೋಟೊದವರೆಗೆ ಓಡುತ್ತದೆ. ಬಾವುಟ ಬೇಕೇ ಬೇಕು ಅಂದರೆ ನೀವು ಪ್ರತಿ ವಾರ ಕಾಫಿ ಕುಡಿಯುವ ಅಂಗಡಿಯವರ ಕೈಗೆ ಕೊಡಿ. ಅವರು ಹೇಗೂ ನಾಲ್ಕಕ್ಕೇ ಎದ್ದಿರುತ್ತಾರೆ.

ಹೊಟ್ಟೆ ವಿಚಾರ. ಹಿಂದಿನ ರಾತ್ರಿ ಹೊಸ ಊಟ ಬೇಡ, ಮುದ್ದೆ ತಿನ್ನುವವರು ಮುದ್ದೆ, ಅನ್ನದವರು ಅನ್ನ. ಬೆಳಿಗ್ಗೆ ಒಂದು ಬಾಳೆಹಣ್ಣು ಸಾಕು. ನೀರನ್ನು ಬಾಯಾರಿದಾಗ ಕುಡಿಯಿರಿ. ಕುಡಿದಷ್ಟೂ ಒಳ್ಳೆಯದು ಅನ್ನುವುದು ತಪ್ಪು: 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದರೆ ನೂರಕ್ಕೆ 13 ಜನರಲ್ಲಿ ಉಪ್ಪಿನಂಶ ಇಳಿದುಹೋಗಿತ್ತು, ಬಹಳ ಮಟ್ಟಿಗೆ ಅತಿಯಾಗಿ ಕುಡಿದವರಲ್ಲಿ. ಹತ್ತು ಕಿಲೋಮೀಟರಿಗೆ ಅಂಥ ಭಯವಿಲ್ಲ, ಆದರೂ ಬಾಟಲಿಗಟ್ಟಲೆ ಸುರಿದುಕೊಂಡು ಹೊಟ್ಟೆ ಕುಲುಕಿಸಿಕೊಂಡು ಓಡಬೇಡಿ. ತಲೆ ಸುತ್ತಿದರೆ, ಎದೆ ಹಿಡಿದಂತಾದರೆ ಕೂತುಬಿಡಿ, ಪಕ್ಕದವರು ನಿಲ್ಲಿ, ನೂರಾ ಎಂಟಕ್ಕೆ ಫೋನ್ ಮಾಡಿ. ನಿಂತವರನ್ನು ಆಮೇಲೆ ಯಾರೂ ಆಡಿಕೊಳ್ಳಕೂಡದು.

ಓಟ ಮುಗಿದ ಮೇಲೆ ರಾಯದುರ್ಗದವರು ಉಗ್ಗಾಣಿ ಬಜ್ಜಿ ಮಾಡಿಸುತ್ತಾರೆ ಅಂತ ಗೊತ್ತಾಯಿತು, ಮೆಣಸಿನಕಾಯಿ ಸ್ವಲ್ಪ ಕೈಬಿಗಿ ಹಿಡಿದು ಹಾಕಿಸಿ. ಮಜ್ಜಿಗೆ ನನ್ನ ಪಾಲಿಗಿರಲಿ. ಉಪ್ಪು, ಶುಂಠಿ ಹಾಕಿ ನಮ್ಮ ಮನೆಯವಳು ಕಡೆದು ಕೊಡುತ್ತಾಳೆ, ದಾರಿ ಯಾವುದೇ ಆಗಲಿ, ಆರನೇ ಕಿಲೋಮೀಟರಿನ ಹತ್ತಿರ ಲೋಟ ಇಟ್ಟುಕೊಂಡು ಕೂತಿರುತ್ತೇನೆ. ಎಷ್ಟು ಜನ ಅಂತ ಗುರುವಾರದೊಳಗೆ ಹೇಳಿಬಿಡಿ, ಹೆಪ್ಪಿಗೆ ಹಾಲು ಹೇಳಬೇಕು.