ಕುಂಬ್ಳೆ ಕೋಚ್ ಆಗಿದ್ದ ಆ ಒಂದು ವರ್ಷ

ಅನಿಲ್ ಕುಂಬ್ಳೆ ಅಂದ ತಕ್ಷಣ ನಮ್ಮ ಕ್ಯಾಂಪಸ್ಸಿನಲ್ಲಿ ಎಲ್ಲರಿಗೂ ಎರಡು ವಿಷಯ ನೆನಪಾಗುತ್ತೆ. ಒಂದು, ದೆಹಲಿಯಲ್ಲಿ ತೆಗೆದ ಹತ್ತು ವಿಕೆಟ್. ಇನ್ನೊಂದು, ಅವರು ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಓದಿದ ಮೆಕ್ಯಾನಿಕಲ್ ಇಂಜಿನಿಯರ್ ಅನ್ನೋದು. ಈ ಎರಡನೆಯದನ್ನು ಅಟೆಂಡೆನ್ಸ್ ಕಮ್ಮಿ ಇರೋ ನಮ್ಮ ಗೆಳೆಯರು ಸ್ವಲ್ಪ ಜಾಸ್ತಿನೇ ಹೇಳ್ತಾರೆ! ಆದರೆ ಅವರು ಭಾರತ ತಂಡಕ್ಕೆ ಕೋಚ್ ಆಗಿದ್ದ ವರ್ಷದ ಬಗ್ಗೆ ಮಾತಾಡೋರು ಕಡಿಮೆ. 2016ರ ಜೂನ್‌ನಿಂದ 2017ರ ಜೂನ್‌ವರೆಗಿನ ಆ ಒಂದು ವರ್ಷವನ್ನು ನಾವು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಆಟಗಾರ ಕುಂಬ್ಳೆ. ಹುಟ್ಟಿದ್ದು ಬೆಂಗಳೂರಿನಲ್ಲಿ, 1970ರ ಅಕ್ಟೋಬರ್ 17ರಂದು. ಹೆಸರಿನಲ್ಲಿರುವ ಊರು ಮಾತ್ರ ಕಾಸರಗೋಡಿನ ಕುಂಬಳೆ. 1990ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಆಡಿದಾಗ ಅವರಿಗೆ 19 ವರ್ಷ, ಅಂದರೆ ನಮ್ಮದೇ ವಯಸ್ಸು, ಬಿ.ಇ. ಇನ್ನೂ ಮುಗಿದಿರಲಿಲ್ಲ. ಲೆಗ್ ಸ್ಪಿನ್ನರ್ ಆಗಿದ್ದರೂ ಅವರ ಚೆಂಡು ಅಷ್ಟಾಗಿ ತಿರುಗಲ್ಲ ಅನ್ನೋ ಟೀಕೆ ಕೊನೆವರೆಗೂ ಇತ್ತು. ಶೇನ್ ವಾರ್ನ್ ಥರ ಚೆಂಡನ್ನು ಗಾಳಿಯಲ್ಲಿ ತೇಲಿಸಿ ತಿರುಗಿಸೋ ಬದಲು, ಎತ್ತರದಿಂದ ವೇಗವಾಗಿ ಬಿಟ್ಟು, ಪಿಚ್ಚಿನಿಂದ ಪುಟಿಸಿ ಬ್ಯಾಟ್ಸ್‌ಮನ್‌ಗೆ ಯೋಚನೆ ಮಾಡೋಕೆ ಟೈಮೇ ಕೊಡದೆ ಔಟ್ ಮಾಡೋದು ಅವರ ದಾರಿ. ಒಂದೇ ಲೈನಿನಲ್ಲಿ ದಿನವಿಡೀ ಹಾಕ್ತಾನೇ ಇರೋರು.

1999ರ ಫೆಬ್ರವರಿ 7ರಂದು ಕೋಟ್ಲಾದಲ್ಲಿ ಪಾಕಿಸ್ತಾನಕ್ಕೆ 420 ರನ್ ಗುರಿ ಇತ್ತು. ವಿಕೆಟ್ ಇಲ್ಲದೆ 101 ಆಗಿತ್ತು. ಅಲ್ಲಿಂದ 207ಕ್ಕೆ ಎಲ್ಲರೂ ಔಟ್, ಹತ್ತೂ ವಿಕೆಟ್ ಕುಂಬ್ಳೆಗೆ, ಕೊಟ್ಟಿದ್ದು 74 ರನ್. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ದರೂ ತಲೆ ಸುತ್ತ ಬ್ಯಾಂಡೇಜ್ ಕಟ್ಟಿಕೊಂಡು ಬಂದು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದರು. 2008ರಲ್ಲಿ ನಿವೃತ್ತಿ ಆಗುವಾಗ 132 ಟೆಸ್ಟ್, 619 ವಿಕೆಟ್. ಭಾರತದ ಬೇರೆ ಯಾರೂ ಇವತ್ತಿಗೂ ಅಲ್ಲಿಗೆ ಮುಟ್ಟಿಲ್ಲ.

ಇಂಥವರು ಕೋಚ್ ಆದರೆ ಏನಾಗುತ್ತೆ? ಫಲಿತಾಂಶ ನೋಡಿದರೆ, ಅದ್ಭುತ. ಆ ವರ್ಷ ಭಾರತ ಆಡಿದ್ದು 17 ಟೆಸ್ಟ್. ಗೆದ್ದಿದ್ದು 12, ಡ್ರಾ 4, ಸೋತಿದ್ದು ಒಂದೇ ಒಂದು. ವೆಸ್ಟ್ ಇಂಡೀಸ್, ನ್ಯೂಜಿಲೆಂಡ್, ಇಂಗ್ಲೆಂಡ್, ಬಾಂಗ್ಲಾದೇಶ, ಆಸ್ಟ್ರೇಲಿಯಾ, ಯಾವ ಸರಣಿಯೂ ಕೈ ತಪ್ಪಲಿಲ್ಲ. 2016ರ ಡಿಸೆಂಬರ್‌ನಲ್ಲಿ ಚೆನ್ನೈ ಟೆಸ್ಟ್ ಅಂತೂ ನಮ್ಮ ಕರ್ನಾಟಕದ್ದೇ ಹಬ್ಬ. ಕೆ.ಎಲ್. ರಾಹುಲ್ 199ಕ್ಕೆ ಔಟಾಗಿ ತಲೆ ಚಚ್ಚಿಕೊಳ್ಳೋ ಹಾಗಾಯ್ತು, ಕರುಣ್ ನಾಯರ್ ಔಟಾಗದೆ 303 ಹೊಡೆದರು, ಕೋಚ್ ಕುರ್ಚಿಯಲ್ಲಿ ಕುಂಬ್ಳೆ.

ಸೋತ ಆ ಒಂದು ಟೆಸ್ಟ್ ಪುಣೆಯಲ್ಲಿ, 2017ರ ಫೆಬ್ರವರಿಯಲ್ಲಿ, ಆಸ್ಟ್ರೇಲಿಯಾ ವಿರುದ್ಧ 333 ರನ್‌ಗಳಿಂದ. ಮುಂದಿನದು ಬೆಂಗಳೂರು. ಮೊದಲ ದಿನವೇ 189ಕ್ಕೆ ಆಲ್ ಔಟ್, ಲಯನ್‌ಗೆ 8 ವಿಕೆಟ್. ಅಲ್ಲಿಗೆ ಸರಣಿ ಮುಗೀತು ಅಂತಲೇ ಎಲ್ಲರೂ ಅಂದುಕೊಂಡಿದ್ದು. ಆದರೆ ನಾಲ್ಕನೇ ದಿನ 188 ಗುರಿ ಇಟ್ಟುಕೊಂಡು ಬಂದ ಆಸ್ಟ್ರೇಲಿಯಾವನ್ನು 112ಕ್ಕೆ ಕಟ್ಟಿಹಾಕಿದರು, ಅಶ್ವಿನ್‌ಗೆ 6 ವಿಕೆಟ್. ಸರಣಿ 2-1.

ಇಷ್ಟೆಲ್ಲ ಆದಮೇಲೆ, 2017ರ ಜೂನ್ 18ರಂದು ಲಂಡನ್ನಿನ ಓವಲ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್ ಅನ್ನು ಪಾಕಿಸ್ತಾನಕ್ಕೆ 180 ರನ್‌ಗಳಿಂದ ಸೋತರು. ಎರಡೇ ದಿನಕ್ಕೆ ಕುಂಬ್ಳೆ ರಾಜೀನಾಮೆ ಕೊಟ್ಟರು. ಕಾರಣ ಸೋಲಲ್ಲ. ಕ್ಯಾಪ್ಟನ್ ಕೊಹ್ಲಿಗೆ ತಮ್ಮ ಶೈಲಿ ಒಗ್ಗುತ್ತಿಲ್ಲ ಅಂತ ಬೋರ್ಡ್ ತಮಗೆ ಹಿಂದಿನ ದಿನವಷ್ಟೇ ಮೊದಲ ಬಾರಿಗೆ ತಿಳಿಸಿತು, ಈ ಜೋಡಿ ಇನ್ನು ನಡೆಯಲ್ಲ ಅಂತ ಕಂಡಿದ್ದರಿಂದ ಬಿಡ್ತಾ ಇದ್ದೀನಿ ಅಂತ ಅವರೇ ಹೇಳಿಕೆಯಲ್ಲಿ ಬರೆದರು. ತಂಡಕ್ಕೆ ಕನ್ನಡಿ ಹಿಡಿಯೋದು ಕೋಚ್ ಕೆಲಸ ಅನ್ನೋ ಅರ್ಥದ ಮಾತೂ ಅದರಲ್ಲಿತ್ತು.

ಇಲ್ಲಿ ಆಟದ ರಚನೆಯನ್ನೂ ಅರ್ಥ ಮಾಡಿಕೊಳ್ಳಬೇಕು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಕೋಚ್ ಅಂದರೆ ಯಜಮಾನ ಇದ್ದ ಹಾಗೆ. ಟೈಮ್‌ಔಟ್ ಕೇಳೋದು, ಆಟಗಾರನನ್ನು ಹೊರಗೆ ಕೂರಿಸೋದು, ಮುಂದಿನ ಪ್ಲೇ ಹೇಳೋದು, ಎಲ್ಲಾ ಅವರೇ. ಗ್ರೀಸಿನ ಪನಾಯೋಟಿಸ್ ಯಾನಾಕಿಸ್ 1987ರಲ್ಲಿ ಆಟಗಾರನಾಗಿ, 2005ರಲ್ಲಿ ಕೋಚ್ ಆಗಿ ಯುರೋಪಿಯನ್ ಚಾಂಪಿಯನ್‌ಷಿಪ್ ಗೆದ್ದರು. 2006ರ ವಿಶ್ವ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಅಮೆರಿಕವನ್ನೇ 101-95ರಿಂದ ಸೋಲಿಸಿದರು. ಅಲ್ಲಿ ಕೋಚ್ ಮಾತೇ ಕೊನೆ ಮಾತು. ಕ್ರಿಕೆಟ್ಟಿನಲ್ಲಿ ಹಾಗಲ್ಲ. ಬೌಲರ್ ಬದಲಿಸೋದು, ಫೀಲ್ಡ್ ಇಡೋದು ಎಲ್ಲಾ ಕ್ಯಾಪ್ಟನ್ ಕೈಯಲ್ಲಿ. ಕೋಚ್ ಬೌಂಡರಿ ಆಚೆ. ನಮ್ಮ ಕುದೇರು ಕಡೆ ಟೆನ್ನಿಸ್ ಬಾಲ್ ಟೂರ್ನಮೆಂಟ್ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಆಟ ನಿಲ್ಲಿಸಿದ ಅಣ್ಣಂದಿರು ಗೆರೆ ಪಕ್ಕ ನಿಂತು "ಲೋ, ಇನ್ನೊಸಿ ಹಿಂದುಕ್ ಓಗ್ಲಾ" ಅಂತ ಕೂಗ್ತಾನೇ ಇರ್ತಾರೆ. ಹೋಗೋದು ಬಿಡೋದು ಒಳಗಿರೋ ಕ್ಯಾಪ್ಟನ್ ಇಷ್ಟ.

ಹಾಗಾದರೆ ತಪ್ಪು ಯಾರದು? ನಮಗನ್ನಿಸೋದು, 12-1 ಅನ್ನೋ ಲೆಕ್ಕ ಇಟ್ಟುಕೊಂಡು ಕ್ಯಾಪ್ಟನ್ ಬಾಯಿ ಮುಚ್ಚಿಸೋಕೆ ಆಗಲ್ಲ. ಮೈದಾನದಲ್ಲಿ ಐದು ದಿನ ನಿಲ್ಲೋರು ಅವರು, ದಿನಾ ಜೊತೆಗೆ ಕೆಲಸ ಮಾಡಬೇಕಾದವರ ಬಗ್ಗೆ ಹೇಳೋ ಹಕ್ಕು ಅವರಿಗಿದೆ. ಆದರೆ ಶೈಲಿ ಸರಿ ಹೋಗ್ತಿಲ್ಲ ಅನ್ನೋದು ವರ್ಷದ ಕೊನೆಯಲ್ಲಿ ಗೊತ್ತಾದರೆ, ಸರಿ ಮಾಡಿಕೊಳ್ಳೋಕೆ ಆ ಮನುಷ್ಯನಿಗೆ ಸಮಯ ಎಲ್ಲಿದೆ? ಸೆಮಿಸ್ಟರ್ ಪೂರ್ತಿ ಏನೂ ಹೇಳದೆ ಫೈನಲ್ ವೈವಾದಲ್ಲಿ ಪ್ರಾಜೆಕ್ಟ್ ಟೈಟಲ್ಲೇ ಸರಿಯಿಲ್ಲ ಅಂದ ಹಾಗಾಯ್ತು.

ಇದರ ಪಕ್ಕದಲ್ಲಿ ರಾಹುಲ್ ದ್ರಾವಿಡ್ ಅವರನ್ನು ಇಟ್ಟು ನೋಡಿ. ಅದೇ ಬೆಂಗಳೂರು, ಅದೇ ಡ್ರೆಸ್ಸಿಂಗ್ ರೂಮು, ಆದರೆ ದಾರಿ ಬೇರೆ. ಮೊದಲು ಹುಡುಗರ ಜೊತೆ ಶುರು ಮಾಡಿದರು. 2016ರ ಅಂಡರ್-19 ವಿಶ್ವಕಪ್ ಫೈನಲ್ ಸೋತು, 2018ರಲ್ಲಿ ಗೆದ್ದರು. ಆಗ ಬೋರ್ಡ್ ಇವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಅಂತ ಘೋಷಿಸಿತ್ತು. ಎಲ್ಲರಿಗೂ ಸಮ ಇರಲಿ ಅಂತ ದ್ರಾವಿಡ್ ಕೇಳಿದ ಮೇಲೆ ತಲಾ 25 ಲಕ್ಷ ಆಯ್ತು. 2021ರಲ್ಲಿ ದೊಡ್ಡವರ ತಂಡಕ್ಕೆ ಬಂದ ಮೇಲೆ ಅವರೂ ಸೋತರು: 2022ರ ಟಿ20 ವಿಶ್ವಕಪ್ ಸೆಮಿಫೈನಲ್, 2023ರ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್, ಆಮೇಲೆ ಅಹಮದಾಬಾದಿನ ಆ ನವೆಂಬರ್ 19. ಆದರೂ ರೋಹಿತ್ ಜೊತೆ ಜೋಡಿ ಮುರಿಯಲಿಲ್ಲ. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ 7 ರನ್‌ಗಳಿಂದ ಟಿ20 ವಿಶ್ವಕಪ್ ಬಂತು.

ದ್ರಾವಿಡ್ ಮೆತ್ತಗೆ, ಕುಂಬ್ಳೆ ಗಟ್ಟಿ, ಅದಕ್ಕೇ ಹಾಗಾಯ್ತು ಅಂತ ಹಾಸ್ಟೆಲ್ಲಿನಲ್ಲಿ ಸುಲಭವಾಗಿ ಹೇಳಿಬಿಡ್ತಾರೆ. ನಾವು ಪೂರ್ತಿ ಒಪ್ಪಲ್ಲ. ಕುಂಬ್ಳೆ 2020ರಿಂದ ಮೂರು ಐಪಿಎಲ್ ಸೀಸನ್ ಪಂಜಾಬ್ ತಂಡದ ಕೋಚ್ ಆಗಿದ್ದರು. ಮೊದಲ ಎರಡರಲ್ಲಿ ಕ್ಯಾಪ್ಟನ್ ಕೆ.ಎಲ್. ರಾಹುಲ್, ಮೂರನೆಯದರಲ್ಲಿ ಮಯಾಂಕ್ ಅಗರ್ವಾಲ್. ಅಂದರೆ ಇಬ್ಬರೂ ನಮ್ಮ ಕರ್ನಾಟಕದವರೇ, ಇಬ್ಬರೂ ಕುಂಬ್ಳೆಯನ್ನು ನೋಡಿಕೊಂಡೇ ಬೆಳೆದವರು. ಮೂರು ಸಲವೂ ತಂಡ ಆರನೇ ಸ್ಥಾನದಲ್ಲೇ ನಿಂತಿತು.