ಸಿಪ್ಯಾಪ್ ಪ್ರೆಶರ್ ಹದವಾಗಲಿ, ನಿದ್ದೆ ಸುಖವಾಗಲಿ

ಸ್ಲೀಪ್ ಅಪ್ನಿಯಾ ಇದೆಯೆಂದು ವೈದ್ಯರು ಹೇಳಿ, ಸಾಕಷ್ಟು ದುಡ್ಡು ಸುರಿದು ತಂದ ಸಿಪ್ಯಾಪ್ ಯಂತ್ರ ಕೆಲವೇ ವಾರಗಳಲ್ಲಿ ಬೀರು ಸೇರಿಬಿಡುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಕಾರಣ ಕೇಳಿದರೆ, ‘ಆ ಗಾಳಿ ತಡೆಯೋಕಾಗಲ್ಲ’ ಎನ್ನುತ್ತಾರೆ. ಗೊರಕೆ ಮತ್ತೆ ಶುರುವಾಗುತ್ತದೆ, ಹಗಲಿನ ತೂಕಡಿಕೆ ಮರಳುತ್ತದೆ, ಬಿಪಿ ಹತೋಟಿಗೆ ಬರುವುದಿಲ್ಲ. ಇಷ್ಟೊಂದು ಉಪಕಾರಿಯಾದ ಚಿಕಿತ್ಸೆಯನ್ನು ಕೆಲವೇ ಸೆಟ್ಟಿಂಗ್‌ಗಳು ಹೊಂದಲಿಲ್ಲವೆಂದು ಬಿಟ್ಟುಬಿಡುವುದು ನಿಜಕ್ಕೂ ಸಂಕಟದ ಸಂಗತಿ. ಯಂತ್ರವನ್ನು ಹೊರಗೆ ತೆಗೆಯಿರಿ, ಕೆಳಗಿನ ಸೂತ್ರಗಳನ್ನು ಒಂದೊಂದಾಗಿ ಪಾಲಿಸಿ.

1. ನಿಮ್ಮ ಸಂಖ್ಯೆ ಏನೆಂದು ತಿಳಿದುಕೊಳ್ಳಿ

ಸಿಪ್ಯಾಪ್ ಪ್ರೆಶರನ್ನು ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ ಅಳೆಯುತ್ತಾರೆ. ‘10’ ಎಂದರೆ 10 ಸೆಂಟಿಮೀಟರ್ ಎತ್ತರದ ನೀರು ತನ್ನ ತಳದ ಮೇಲೆ ಹಾಕುವಷ್ಟು ಒತ್ತಡ, ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರನೇ ಒಂದು ಪಾಲಿನಷ್ಟು. ಶ್ವಾಸಕೋಶಕ್ಕೆ ಗಾಳಿ ತುರುಕುವ ಕೆಲಸ ಈ ಯಂತ್ರದ್ದಲ್ಲ. ನಿದ್ದೆಯಲ್ಲಿ ಸಡಿಲವಾಗಿ ಕುಸಿಯುವ ಗಂಟಲಿನ ದಾರಿಯನ್ನು ತೆರೆದಿಡುವುದಷ್ಟೇ ಅದರ ಕೆಲಸ. ಆಸ್ಟ್ರೇಲಿಯಾದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು 1981ರಲ್ಲಿ ಈ ಚಿಕಿತ್ಸೆಯನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದಾಗ ಐವರು ರೋಗಿಗಳಿಗೆ ಬಳಸಿದ್ದು 4.5ರಿಂದ 10ರವರೆಗಿನ ಒತ್ತಡ. ಈಗಿನ ಸಾಮಾನ್ಯ ಯಂತ್ರಗಳು 4ರಿಂದ 20ರವರೆಗೆ ಕೊಡಬಲ್ಲವು. ನಿಮ್ಮ ಸ್ಲೀಪ್ ಸ್ಟಡಿ ವರದಿಯಲ್ಲಿ ವೈದ್ಯರು ಬರೆದ ಸಂಖ್ಯೆ ಎಷ್ಟು, ಯಂತ್ರ ಒಂದೇ ಒತ್ತಡದ್ದೋ ಒತ್ತಡವನ್ನು ತಾನೇ ಏರಿಳಿಸುವ ಆಟೋ ಮಾದರಿಯದೋ, ಈಗ ಯಾವುದಕ್ಕೆ ಸೆಟ್ ಆಗಿದೆ ಎಂದು ನೋಡಿ ಬರೆದಿಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ಯಂತ್ರವಾದರೆ ಇದು ಇನ್ನೂ ಮುಖ್ಯ. ಅದರಲ್ಲಿ ಹಳೆಯ ಮಾಲೀಕರ ಗಂಟಲಿಗೆ ಹೊಂದಿದ ಸೆಟ್ಟಿಂಗ್ ಹಾಗೇ ಕೂತಿರುತ್ತದೆ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಒಳಗಿನ ಫೋಮ್ ಪುಡಿಯಾಗಬಹುದೆಂಬ ಕಾರಣಕ್ಕೆ ಹಿಂದಕ್ಕೆ ಕರೆಸಿಕೊಂಡ ಮಾದರಿ ಅದಾಗಿಲ್ಲ ಎನ್ನುವುದನ್ನೂ ಖಚಿತಪಡಿಸಿಕೊಳ್ಳಿ.

2. ಪ್ರೆಶರ್ ಮುಟ್ಟುವ ಮೊದಲು ಲೀಕ್ ನಿಲ್ಲಿಸಿ

‘ಪ್ರೆಶರ್ ಜಾಸ್ತಿಯಾಯಿತು’ ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಮಾಸ್ಕ್‌ನ ತೊಂದರೆ. ಮಾಸ್ಕ್ ಅಂಚಿನಿಂದ ಕಣ್ಣಿಗೆ ಗಾಳಿ ಬೀಸುತ್ತದೆ, ಬಾಯಿ ತೆರೆದುಕೊಂಡು ಗಾಳಿ ಸೋರಿಹೋಗುತ್ತದೆ. ಆಟೋ ಯಂತ್ರವಾದರೆ ಗಾಳಿಯ ಹರಿವನ್ನು ತಪ್ಪಾಗಿ ಓದಿ ಬೇಡದ ಒತ್ತಡ ಕೊಡಲೂಬಹುದು.

ಮಾಸ್ಕನ್ನು ಕೂತು ಹಾಕಿಕೊಂಡು ಸರಿಯಿದೆ ಎಂದುಕೊಳ್ಳಬೇಡಿ. ಯಂತ್ರ ಚಾಲು ಮಾಡಿ, ನೀವು ಮಲಗುವ ಭಂಗಿಯಲ್ಲೇ ಮಲಗಿ, ಆಮೇಲೆ ಪಟ್ಟಿ ಹೊಂದಿಸಿ. ಮಲಗಿದಾಗ ಕೆನ್ನೆಯ ಆಕಾರವೇ ಬದಲಾಗುತ್ತದೆ. ಲೀಕ್ ಆದರೆ ಎಲ್ಲರೂ ಮಾಡುವುದು ಪಟ್ಟಿ ಬಿಗಿಯುವುದು. ಅತಿಯಾಗಿ ಬಿಗಿದರೆ ಮೆತ್ತೆ ಮಡಿಚಿಕೊಂಡು ಇನ್ನಷ್ಟು ಸೋರುತ್ತದೆ, ಮೂಗಿನ ಮೇಲೆ ಗಾಯವಾಗುತ್ತದೆ. ಸ್ವಲ್ಪ ಸಡಿಲಿಸಿ, ಮಾಸ್ಕನ್ನು ಮುಖದಿಂದ ಎತ್ತಿ ಮತ್ತೆ ಕೂರಿಸಿ ನೋಡಿ. ದಪ್ಪ ಮೀಸೆಯಿದ್ದವರಿಗೆ ಮೂಗಿನ ಹೊಳ್ಳೆಗೆ ನೇರವಾಗಿ ಕೂರುವ ಪಿಲ್ಲೋ ಮಾದರಿ ಅನುಕೂಲ. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ, ಮುಖಕ್ಕೆ ಕ್ರೀಮ್ ಹಚ್ಚಿಕೊಂಡು ಮಲಗುವ ಅಭ್ಯಾಸವಿದ್ದರೆ ಅದನ್ನು ಬೆಳಿಗ್ಗೆಗೆ ಬದಲಾಯಿಸಿ. ಜಿಡ್ಡು ತಾಗಿದರೆ ಸಿಲಿಕೋನ್ ಜಾರುತ್ತದೆ, ಬೇಗ ಹಾಳಾಗುತ್ತದೆ. ರೆಸ್‌ಮೆಡ್ ಯಂತ್ರದವರು ಲೀಕ್ ಅಂಕಿ ನಿಮಿಷಕ್ಕೆ 24 ಲೀಟರ್ ದಾಟದಂತೆ ನೋಡಿಕೊಳ್ಳಬೇಕು. ಬೇರೆ ಕಂಪನಿಗಳ ಲೆಕ್ಕವೇ ಬೇರೆ, ಅದನ್ನು ಅವರ ಪುಸ್ತಿಕೆಯಲ್ಲಿ ನೋಡಿ.

3. ರ‍್ಯಾಂಪ್ ಬಳಸಿ, ಆದರೆ 4ರಲ್ಲೇ ಸಿಕ್ಕಿಕೊಳ್ಳಬೇಡಿ

ರ‍್ಯಾಂಪ್ ಎಂದರೆ ಕಡಿಮೆ ಒತ್ತಡದಲ್ಲಿ ಶುರುವಾಗಿ, ನಿಮಗೆ ನಿದ್ದೆ ಹತ್ತುವಷ್ಟರಲ್ಲಿ ಮೆಲ್ಲಗೆ ಪೂರ್ತಿ ಒತ್ತಡಕ್ಕೆ ಏರುವ ಸೌಲಭ್ಯ. ಹೊಸಬರಿಗೆ ಇದು ವರದಾನ. ಆದರೆ ಅನೇಕ ಯಂತ್ರಗಳಲ್ಲಿ ರ‍್ಯಾಂಪ್ ಶುರುವಾಗುವುದು 4ರಿಂದ. ವಯಸ್ಕರಲ್ಲಿ ಬಹಳ ಮಂದಿಗೆ ಅಷ್ಟು ಕಡಿಮೆ ಗಾಳಿಯಲ್ಲಿ ಉಸಿರು ಕಟ್ಟಿದಂತಾಗುತ್ತದೆ. ಅವರು ಹೆದರಿ ಮಾಸ್ಕ್ ಕಿತ್ತೆಸೆದು, ‘ಗಾಳಿ ಜಾಸ್ತಿ’ ಎಂದು ದೂರುತ್ತಾರೆ. ಅಲ್ಲಿ ಆಗಿದ್ದು ಅದರ ತದ್ವಿರುದ್ಧ! ಮಾಸ್ಕ್ ಹಾಕಿದ ಮೊದಲ ಹತ್ತು ನಿಮಿಷದಲ್ಲೇ ಗಾಳಿ ಸಾಲದೆನಿಸಿದರೆ ರ‍್ಯಾಂಪ್‌ನ ಆರಂಭವನ್ನು 5 ಅಥವಾ 6ಕ್ಕೆ ಏರಿಸಿ ನೋಡಿ. ಕೆಲವು ಯಂತ್ರಗಳಲ್ಲಿ ಇದು ನಿಮ್ಮ ಕೈಗೇ ಸಿಗುವ ಮೆನುವಿನಲ್ಲಿರುತ್ತದೆ, ಇಲ್ಲವಾದರೆ ಟೆಕ್ನಿಷಿಯನ್‌ಗೆ ಹೇಳಿ.

4. ಉಸಿರು ಬಿಡುವಾಗ ರಿಯಾಯಿತಿ ಕೇಳಿ

ಉಸಿರು ತೆಗೆದುಕೊಳ್ಳುವುದು ಸಲೀಸು, ಬಿಡುವುದೇ ಕಷ್ಟ ಎನ್ನುವವರಿಗೆ ಇದು. ರೆಸ್‌ಮೆಡ್‌ನಲ್ಲಿ ಇಪಿಆರ್, ಫಿಲಿಪ್ಸ್‌ನಲ್ಲಿ ಫ್ಲೆಕ್ಸ್ ಎಂಬ ಹೆಸರಿನಲ್ಲಿ ಈ ಸೌಲಭ್ಯವಿದೆ. ಇಪಿಆರ್ 1, 2, 3 ಎಂದರೆ ಉಸಿರು ಬಿಡುವಾಗ ಒತ್ತಡ ಅಷ್ಟು ಸೆಂಟಿಮೀಟರ್ ಇಳಿಯುತ್ತದೆ. ಒಂದು ಎಚ್ಚರಿಕೆ: 9ರ ಒತ್ತಡದಲ್ಲಿ ಇಪಿಆರ್ 3 ಇಟ್ಟರೆ ಉಸಿರು ಬಿಡುವಾಗ ಸಿಗುವುದು 6 ಮಾತ್ರ. ಕೆಲವರ ಗಂಟಲು ಅಷ್ಟಕ್ಕೇ ಮತ್ತೆ ಮುಚ್ಚಿಕೊಳ್ಳಬಹುದು. ಇದನ್ನು ಹಾಕಿದ ಮೇಲೆ ಎಎಚ್‌ಐ (ಗಂಟೆಗೆ ಎಷ್ಟು ಬಾರಿ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ) ಏರಿತೇ ಎಂದು ತಪ್ಪದೆ ನೋಡಿ.

5. ಆಟೋ ಯಂತ್ರವನ್ನು 4–20ಕ್ಕೆ ಬಿಟ್ಟುಬಿಡಬೇಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸೂತ್ರ ಇದು.

ಆಟೋ ಯಂತ್ರ ತಾನೇ ಎಲ್ಲ ನೋಡಿಕೊಳ್ಳುತ್ತದೆ ಎಂದು ಕಾರ್ಖಾನೆಯಿಂದ ಬಂದ 4–20ರ ವ್ಯಾಪ್ತಿಯಲ್ಲೇ ಮನೆಗೆ ಕಳಿಸಿಬಿಡುವುದುಂಟು. ಯಂತ್ರ ಬುದ್ಧಿವಂತ ಹೌದು, ಆದರೆ ಅದು ಉಸಿರಿನ ಹರಿವು ಕೆಟ್ಟ ಮೇಲೆ ಏರುತ್ತದೆ. ನಿಮಗೆ 9 ಬೇಕು, ಕನಿಷ್ಠ 4ಕ್ಕೆ ಸೆಟ್ ಆಗಿದೆ ಎಂದುಕೊಳ್ಳಿ. ಅದು 4ರಿಂದ 9ಕ್ಕೆ ಹತ್ತುವಷ್ಟರಲ್ಲಿ ನಿಮ್ಮ ಉಸಿರು ಹಲವು ಬಾರಿ ನಿಂತು, ನೀವು ಅರೆ ಎಚ್ಚರಗೊಂಡಿರುತ್ತೀರಿ. ಉಸಿರು ಸರಿಹೋದ ಮೇಲೆ ಅದು ಮತ್ತೆ ಇಳಿಯುತ್ತದೆ, ಮತ್ತೆ ತೊಂದರೆ, ಮತ್ತೆ ಏರಿಕೆ. ಇಡೀ ರಾತ್ರಿ ಈ ಏರಿಳಿತವೇ. ಇನ್ನೊಂದು ತುದಿಯಲ್ಲಿ, ಲೀಕ್‌ನಿಂದ ತಬ್ಬಿಬ್ಬಾದ ಯಂತ್ರ 16, 17ಕ್ಕೆ ಏರಿ ನಿಮ್ಮನ್ನು ಎಬ್ಬಿಸುತ್ತದೆ.

ಒಂದೆರಡು ವಾರದ ಮಾಹಿತಿ ತೆಗೆದು ನೋಡಿ. ಅದರಲ್ಲಿ ಶೇ 95ರ ಒತ್ತಡ ಎಂಬ ಅಂಕಿಯಿರುತ್ತದೆ, ಕೆಲವು ಕಂಪನಿಗಳಲ್ಲಿ ಶೇ 90. ರಾತ್ರಿಯ ಅಷ್ಟು ಪಾಲು ಸಮಯ ಯಂತ್ರ ಆ ಒತ್ತಡದಲ್ಲಿ ಅಥವಾ ಅದಕ್ಕಿಂತ ಕೆಳಗೆ ಇತ್ತು ಎಂದರ್ಥ. ಅದು 9.6 ಎಂದಿದ್ದರೆ, ಕನಿಷ್ಠವನ್ನು 7ರ ಸುಮಾರಿಗೆ ಏರಿಸಿ ಗರಿಷ್ಠವನ್ನು 12ರ ಸುಮಾರಿಗೆ ಕಟ್ಟಿಹಾಕಬಹುದೇ ಎಂದು ವೈದ್ಯರನ್ನು ಕೇಳಿ. ಇದು ಉದಾಹರಣೆಯಷ್ಟೇ, ನಿಮ್ಮ ಅಂಕಿ ನಿಮ್ಮದೇ. ಹೀಗೆ ವ್ಯಾಪ್ತಿ ಕಿರಿದು ಮಾಡಿದ ಮೇಲೆ ರಾತ್ರಿ ಪೂರ್ತಿ ನಿದ್ದೆ ಬಂದವರು ಬಹಳ ಜನ.

6. ಒಂದು ಸಲಕ್ಕೆ ಒಂದೇ ಬದಲಾವಣೆ

ಇವತ್ತು ಮಾಸ್ಕ್, ಪ್ರೆಶರ್, ತೇವ ಮೂರನ್ನೂ ಬದಲಾಯಿಸಿ ನಾಳೆ ಚೆನ್ನಾಗಿ ನಿದ್ದೆ ಬಂದರೆ ಅದು ಯಾವುದರಿಂದ ಬಂತು? ಅಡುಗೆಗೆ ಉಪ್ಪು ಹಾಕುವ ಹಾಗೆ ಸ್ವಲ್ಪ ಹಾಕಿ, ರುಚಿ ನೋಡಿ, ಆಮೇಲೆ ಮುಂದುವರಿಯಿರಿ. ಪ್ರೆಶರ್ ಆದರೆ ಅರ್ಧ ಸೆಂಟಿಮೀಟರ್, ಹೆಚ್ಚೆಂದರೆ ಒಂದು. ಕೆಲವು ರಾತ್ರಿ ಹಾಗೇ ಬಿಡಿ. ನೆಗಡಿಯಾದ ರಾತ್ರಿ, ಮದುವೆ ಊಟ ಮಾಡಿ ತಡವಾಗಿ ಮಲಗಿದ ರಾತ್ರಿಯ ಅಂಕಿ ನೋಡಿ ತೀರ್ಮಾನಿಸಬೇಡಿ.

7. ಹೆಚ್ಚೋ ಕಡಿಮೆಯೋ, ಲಕ್ಷಣ ಗುರುತಿಸಿ

ಕಡಿಮೆಯಾದರೆ: ಮಾಸ್ಕ್ ಹಾಕಿದ್ದರೂ ಗೊರಕೆ, ಉಸಿರುಗಟ್ಟಿ ಎಚ್ಚರ, ಬೆಳಿಗ್ಗೆ ತಲೆನೋವು, ಎಎಚ್‌ಐ 5ಕ್ಕಿಂತ ಮೇಲೆ. (5ರ ಒಳಗಿದ್ದರೆ ಚಿಕಿತ್ಸೆ ಹಿಡಿತದಲ್ಲಿದೆ.)

ಹೆಚ್ಚಾದರೆ: ಗಾಳಿ ನುಂಗಿ ಹೊಟ್ಟೆ ಉಬ್ಬರ, ಬೆಳಿಗ್ಗೆ ಸಾಲು ತೇಗು, ಪಟ್ಟಿ ಎಷ್ಟು ಹೊಂದಿಸಿದರೂ ನಿಲ್ಲದ ಲೀಕ್. ವರದಿಯಲ್ಲಿ ‘ಸೆಂಟ್ರಲ್’ ಅಥವಾ ‘ಕ್ಲಿಯರ್ ಏರ್‌ವೇ’ ಎಂಬ ಸಾಲಿನ ಅಂಕಿ ಏರುತ್ತಿದ್ದರೆ ವಿಶೇಷ ಎಚ್ಚರ ಬೇಕು. ಗಂಟಲು ತೆರೆದೇ ಇದೆ, ಉಸಿರಾಡಲು ಮಿದುಳಿನಿಂದ ಆದೇಶ ಬರುತ್ತಿಲ್ಲ ಎಂಬುದರ ಸೂಚನೆ ಅದು. ಅಲ್ಲಿ ಒತ್ತಡ ಏರಿಸಿದರೆ ಪರಿಸ್ಥಿತಿ ಬಿಗಡಾಯಿಸಬಹುದು.

ಹೃದಯ ವೈಫಲ್ಯ, ಸಿಓಪಿಡಿ, ಪಾರ್ಶ್ವವಾಯು ಆದವರು, ಆಕ್ಸಿಜನ್ ಮೇಲಿರುವವರು, ಬೈಪ್ಯಾಪ್ ಬಳಸುವವರು ವೈದ್ಯರನ್ನು ಕೇಳದೆ ಯಾವ ಒತ್ತಡವನ್ನೂ ಬದಲಿಸಬಾರದು. ಇದರಲ್ಲಿ ವಿನಾಯಿತಿಯೇ ಇಲ್ಲ.

8. ಮೂಗಿಗೆ ತೇವ ಕೊಡಿ

ಒಣಗಿ ಕಟ್ಟಿದ ಮೂಗಿಗೆ 6ರ ಗಾಳಿಯೂ 12ರಂತೆ ಅನಿಸುತ್ತದೆ. ಹ್ಯೂಮಿಡಿಫೈಯರ್ ಮಧ್ಯದ ಮಟ್ಟದಲ್ಲಿ ಶುರು ಮಾಡಿ. ಚಳಿಗಾಲದ ಒಣಹವೆಯ ಬೆಂಗಳೂರು, ಬೇಸಿಗೆಯ ಕಲಬುರಗಿಯಲ್ಲಿ ಹೆಚ್ಚು ಬೇಕಾಗುತ್ತದೆ, ಆಷಾಢದ ಮಂಗಳೂರಲ್ಲಿ ಬೇಡವೇ ಆಗಬಹುದು. ಕೊಳವೆಯಲ್ಲಿ ನೀರು ಕಟ್ಟಿ ಮುಖಕ್ಕೆ ಹನಿದರೆ ಮಟ್ಟ ಇಳಿಸಿ, ಇಲ್ಲವೇ ಕೊಳವೆಯನ್ನು ಹೊದಿಕೆಯೊಳಗೆ ಇಟ್ಟುಕೊಳ್ಳಿ. ಬೋರ್‌ವೆಲ್ ನೀರು ಹಾಕಬೇಡಿ, ತೊಟ್ಟಿಯ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಔಷಧದಂಗಡಿಯ ಡಿಸ್ಟಿಲ್ಡ್ ವಾಟರ್ ತಂದು ದಿನವೂ ಬದಲಿಸಿ. ಮೂಗಿನ ಮೂಳೆ ಓರೆಯಾಗಿ ಸದಾ ಕಟ್ಟಿಕೊಂಡಿರುವವರು ಇಎನ್‌ಟಿ ವೈದ್ಯರನ್ನು ಕಾಣದೆ ಪ್ರೆಶರ್ ಜೊತೆ ಗುದ್ದಾಡಿ ಫಲವಿಲ್ಲ.

9. ಹಗಲಲ್ಲಿ ಅಭ್ಯಾಸ ಮಾಡಿ

ಮಾಸ್ಕ್ ಕಂಡರೆ ದಿಗಿಲಾಗುವವರು ಸಂಜೆ ಟಿವಿ ನೋಡುವಾಗ ಅರ್ಧ ಗಂಟೆ ಹಾಕಿಕೊಂಡು ಕೂರಿ. ಕರೆಂಟ್ ಹೋದರೆ ಉಸಿರುಗಟ್ಟುತ್ತದೆಂಬ ಭಯ ಬೇಡ. ಮಾಸ್ಕ್‌ನಲ್ಲಿ ಗಾಳಿಕಿಂಡಿಗಳಿವೆ, ಬಾಯಿ-ಮೂಗು ಎರಡೂ ಮುಚ್ಚುವ ಮಾಸ್ಕ್‌ನಲ್ಲಿ ಹೊರಗಾಳಿ ಬಿಡುವ ಕವಾಟವೂ ಇದೆ. ಪದೇಪದೇ ಕರೆಂಟ್ ಹೋಗುವ ಊರಾದರೆ ಯುಪಿಎಸ್‌ಗೆ ಜೋಡಿಸಿ. ಹೆಚ್ಚು ಕರೆಂಟ್ ಎಳೆಯುವುದು ಹ್ಯೂಮಿಡಿಫೈಯರ್, ಬ್ಯಾಟರಿ ಮೇಲಿರುವಾಗ ಅದನ್ನು ಆರಿಸಿದರೆ ಬೆಳಗಿನವರೆಗೂ ಬಾಳಬಹುದು.

10. ವರ್ಷಕ್ಕೊಮ್ಮೆ ಮರುಪರೀಕ್ಷೆ

ತೂಕ ಗಮನಾರ್ಹವಾಗಿ ಇಳಿದರೆ ಅಥವಾ ಏರಿದರೆ ಬೇಕಾದ ಒತ್ತಡವೂ ಬದಲಾಗುತ್ತದೆ. ಅಂಗಾತ ಮಲಗುವವರಿಗೆ ಮಗ್ಗುಲಾಗಿ ಮಲಗುವವರಿಗಿಂತ ಹೆಚ್ಚು ಬೇಕಾಗುವುದೇ ರೂಢಿ. ರಾತ್ರಿ ಮದ್ಯ, ನಿದ್ದೆ ಮಾತ್ರೆ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆ. ವೈದ್ಯರ ಬಳಿ ಹೋಗುವಾಗ ಯಂತ್ರದ ಮೆಮೊರಿ ಕಾರ್ಡನ್ನೋ ಆ್ಯಪ್‌ನ ವರದಿಯನ್ನೋ ಒಯ್ಯಿರಿ. ‘ನನ್ನ ಉಳಿದ ಎಎಚ್‌ಐ ಎಷ್ಟು, ಅದರಲ್ಲಿ ಸೆಂಟ್ರಲ್ ಎಷ್ಟು, ಲೀಕ್ ಎಷ್ಟು, ಕನಿಷ್ಠ-ಗರಿಷ್ಠ ಸರಿಯಿದೆಯೇ?’ ಈ ನಾಲ್ಕು ಪ್ರಶ್ನೆಗೆ ಉತ್ತರ ಪಡೆಯದೆ ಎದ್ದು ಬರಬೇಡಿ.